ಗನ್ ತಗೊಳ್ಳೋ ಮುಂಚೆ ಆ ಊರಿನ ಪೊಲೀಸರ ಮಾತು ಕೇಳು

ಚಿ. ಸುಹಾಸನಿಗೆ ನಿನ್ನ ಚಿಕ್ಕಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ, ಮಳೆ ಬಿಡ್ತಿಲ್ಲ, ಅಡಿಕೆಗೆ ಔಷಧಿ ಹೊಡೆಸೋಕೆ ಬಿಸಿಲು ಕಾಯ್ತಾ ಇದ್ದೀವಿ.

ಅಮೆರಿಕಾದ ಗ್ರೀನ್ ಕಾರ್ಡ್ ಬಂತು, ಟೆಕ್ಸಾಸಿನ ಪ್ಲೇನೋದಲ್ಲಿ ಸ್ವಂತ ಮನೆ ಆಯ್ತು, ಇನ್ನು ಒಂದು ಗನ್ನೂ ತಗೊಂಡ್ಬಿಡ್ತೀನಿ ಅಂತ ನೀನು ಫೋನಲ್ಲಿ ಅಂದಾಗಿಂದ ನಂಗೆ ಸಮಾಧಾನ ಇಲ್ಲ ಮಾರಾಯ. ಎಚ್-1ಬಿ ವೀಸಾದಲ್ಲಿದ್ದಾಗ ಬೇಟೆ ಲೈಸೆನ್ಸ್ ತರದ್ದೇನಾದ್ರೂ ಇಲ್ದೆ ಕೊಳ್ಳೋ ಹಾಗಿರ್ಲಿಲ್ಲ, ಈಗ ಕಾನೂನಿನ ಅಡ್ಡಿ ಇಲ್ಲ, ಅದು ಸರಿ. ಆದ್ರೆ "ಚಿಕ್ಕಪ್ಪ, ಇಲ್ಲಿ ಪೊಲೀಸರೇ ಗನ್ ಇಟ್ಕೊಳ್ಳಿ ಅಂತಾರೆ, ನೀವೂ ಡಿಪಾರ್ಟ್ಮೆಂಟಲ್ಲಿ ಇದ್ದೋರು, ನಿಮಗೇ ಗೊತ್ತಲ್ಲ" ಅಂದ್ಯಲ್ಲ, ಅದಕ್ಕೆ ಉತ್ತರ ಬರೀಲೇಬೇಕು ಅನ್ನಿಸ್ತು.

ಹಾಗೆ ಹೇಳೋರು ಇದ್ದಾರೆ, ಇಲ್ಲ ಅನ್ನಲ್ಲ. ಆದ್ರೆ ಯಾರು ಹೇಳ್ತಾರೆ ಅಂತ ನೋಡು. ನಿಮ್ಮಲ್ಲಿ ಕೌಂಟಿಗೆ, ಅಂದ್ರೆ ನಮ್ಮ ಜಿಲ್ಲೆ ತರದ್ದಕ್ಕೆ, ಪೊಲೀಸ್ ಕೆಲಸ ನೋಡೋ ಒಬ್ಬ ಶೆರಿಫ್, ಅವನು ವೋಟಲ್ಲಿ ಗೆದ್ದು ಬರೋನು, ಹಳ್ಳಿ ಕಡೆ ಶೆರಿಫ್‌ಗಳಲ್ಲಿ ಸುಮಾರು ಜನ ಗನ್ ಕಾನೂನು ಅಂದ್ರೆ ಉರಿದು ಬೀಳ್ತಾರೆ. ಸಿಟಿ ಪೊಲೀಸ್ ಚೀಫ್ ಹಾಗಲ್ಲ, ಸಿಟಿ ಆಡಳಿತ ನೇಮಕ ಮಾಡೋದು, ರಾತ್ರಿ ಬೆಳಗಾದ್ರೆ ಗುಂಡಿನ ಕೇಸು ಬಂದು ಬೀಳೋದು ಅವನ ತಲೆ ಮೇಲೆ. ದೊಡ್ಡ ಸಿಟಿಗಳ ಚೀಫ್‌ಗಳ ಸಂಘ ಇದೆ, ಇಡೀ ಜಗತ್ತಿನ ಪೊಲೀಸ್ ಚೀಫ್‌ಗಳ ಸಂಘ ಅಂತ ಇನ್ನೊಂದಿದೆ, ಇಬ್ರೂ ವರ್ಷಗಟ್ಟಲೆಯಿಂದ ಕೇಳ್ತಿರೋದು ಒಂದೇ, ಗನ್ ಯಾರೇ ಕೊಂಡ್ರೂ ಮೊದಲು ಅವನ ಹಿನ್ನೆಲೆ ನೋಡೋ ಬ್ಯಾಕ್‌ಗ್ರೌಂಡ್ ಚೆಕ್ ಆಗ್ಲಿ, ಯುದ್ಧಕ್ಕೆ ಒಯ್ಯೋ ತರದ ರೈಫಲ್ ಅಂಗಡೀಲಿ ಮಾರೋದು ನಿಲ್ಲಲಿ. 1994ರಲ್ಲಿ ಆ ತರದ ರೈಫಲ್‌ಗಳಿಗೆ ನಿಷೇಧ ಬಂದಿತ್ತು, ಆಗ್ಲೂ ಪೊಲೀಸ್ ಸಂಘಗಳು ಬೆಂಬಲಕ್ಕೆ ನಿಂತಿದ್ವು, 2004ರಲ್ಲಿ ಅದರ ಅವಧಿ ಮುಗೀತು, ಮತ್ತೆ ತರ್ಲೇ ಇಲ್ಲ.

ನಿನ್ನ ಮನೆ ಪಕ್ಕದ ಡಲ್ಲಾಸ್ ಕಥೆನೇ ತಗೋ. 2016ರ ಜುಲೈ 7ರ ರಾತ್ರಿ ಒಂದು ಮೆರವಣಿಗೆ ಬಂದೋಬಸ್ತಿಗೆ ನಿಂತಿದ್ದ 5 ಜನ ಪೊಲೀಸರನ್ನ ಒಬ್ಬ ಹೊಂಚು ಹಾಕಿ ಗುಂಡಿಕ್ಕಿ ಕೊಂದ. ಅವತ್ತು ಮೆರವಣಿಗೇಲಿ ಹೆಗಲಿಗೆ ರೈಫಲ್ ಹಾಕ್ಕೊಂಡು ಬಂದೋರು ಎಷ್ಟೋ ಜನ ಇದ್ರು, ಟೆಕ್ಸಾಸಲ್ಲಿ ಅದು ತಪ್ಪಲ್ವಲ್ಲ. ಗುಂಡಿನ ಸದ್ದು ಕೇಳ್ತಿದ್ದ ಹಾಗೆ ಎಲ್ರೂ ಓಡೋಕೆ ಶುರು ಮಾಡಿದ್ರು, ಈ ಓಡೋರಲ್ಲಿ ಕೊಲೆಗಾರ ಯಾರು, ಪಾಪದೋನು ಯಾರು ಅಂತ ಪೊಲೀಸರಿಗೆ ಹೇಗೆ ಗೊತ್ತಾಗ್ಬೇಕು? ಏನೂ ಮಾಡದ ಒಬ್ಬನ ಫೋಟೋನ ಇವನೇ ಶಂಕಿತ ಅಂತ ಪೊಲೀಸರೇ ಊರಿಗೆಲ್ಲ ಹಂಚಿಬಿಟ್ರು, ಅವನು ತಾನಾಗೇ ಬಂದು ರೈಫಲ್ ಪೊಲೀಸರ ಕೈಗೆ ಕೊಟ್ಟ. ಆಗಿನ ಚೀಫ್ ಡೇವಿಡ್ ಬ್ರೌನ್ ಆಮೇಲೆ ಹೇಳಿದ್ದು ಇದನ್ನೇ, ಗುಂಡು ಹಾರೋಕೆ ಶುರುವಾದ್ಮೇಲೆ ಗನ್ ಹಿಡಿದೋರಲ್ಲಿ ಒಳ್ಳೆಯೋನು ಯಾರು ಅಂತ ನಮಗೆ ಗೊತ್ತಾಗಲ್ಲ ಅಂತ. ಬಂದೋಬಸ್ತಲ್ಲಿ ನಿಂತು ಗೊತ್ತಿರೋ ನಂಗೆ ಆ ಮಾತು ಓದಿ ಮೈ ಜುಂ ಅಂತು.

ಇಷ್ಟೆಲ್ಲ ಆದ್ಮೇಲೂ 2021ರಲ್ಲಿ ಲೈಸೆನ್ಸೇ ಇಲ್ದೆ ಪಿಸ್ತೂಲ್ ಇಟ್ಕೊಂಡು ಓಡಾಡ್ಬಹುದು ಅಂತ ಟೆಕ್ಸಾಸಲ್ಲಿ ಕಾನೂನು ಬಂತು. ಆಗಿನ ಡಲ್ಲಾಸ್ ಚೀಫ್ ಎಡ್ಡಿ ಗಾರ್ಸಿಯಾ ಸೇರಿ ಹಲವು ಚೀಫ್‌ಗಳು ಬೇಡ ಅಂತ ಬಹಿರಂಗವಾಗಿ ಹೇಳಿದ್ರು, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, ಸೆಪ್ಟೆಂಬರ್ 1ಕ್ಕೆ ಜಾರಿ ಆಯ್ತು.

ಹ್ಯೂಸ್ಟನ್‌ದು ಇನ್ನೂ ಬೇಜಾರಿನ ಕಥೆ. 2019ರ ಡಿಸೆಂಬರಲ್ಲಿ ಒಬ್ಬ ಹೆಂಗಸು ಬಾಯ್‌ಫ್ರೆಂಡ್ ಹೊಡೀತಿದ್ದಾನೆ, ಅವನ ಹತ್ರ ಗನ್ ಇದೆ ಅಂತ ಫೋನ್ ಮಾಡಿದ್ಲು, ಹೋದ ಸಾರ್ಜೆಂಟ್ ವಾಪಸ್ ಬರ್ಲಿಲ್ಲ. ಹೆಂಡ್ತಿಗೆ ಹೊಡೆದು ಶಿಕ್ಷೆ ಆದೋನು ಗನ್ ಇಟ್ಕೊಳ್ಳೋ ಹಾಗಿಲ್ಲ, ಮದುವೆ ಆಗದೆ ಬೇರೆ ಬೇರೆ ಇರೋ ಗೆಳತಿಗೆ ಹೊಡೆದೋನು ಇಟ್ಕೊಳ್ಬಹುದು, ಆಗ ಕಾನೂನು ಹಾಗಿತ್ತು. ಅಲ್ಲಿನ ಆಗಿನ ಚೀಫ್ ಆರ್ಟ್ ಅಸೆವೆಡೊ ಮೀಡಿಯಾ ಮುಂದೆ ನಿಂತು ತನ್ನದೇ ರಾಜ್ಯದ ಸೆನೆಟರ್‌ಗಳಾದ ಕಾರ್ನಿನ್, ಕ್ರೂಜ್ ಹೆಸರು ಹಿಡಿದು ಈ ಸಂದನ್ನ ಯಾಕೆ ಮುಚ್ಚಲ್ಲ ನೀವು ಅಂತ ಕೇಳಿದ. ಯೂನಿಫಾರ್ಮಲ್ಲಿ ಇದ್ಕೊಂಡು ಹಾಗೆ ಕೇಳೋಕೆ ಎಂಥ ಧೈರ್ಯ ಬೇಕು ಅಂತ ನಂಗೆ ಗೊತ್ತು. 2022ರಲ್ಲಿ ಟೆಕ್ಸಾಸಿನದೇ ಯುವಾಲ್ಡಿ ಊರಿನ ಶಾಲೇಲಿ ಗುಂಡಿಗೆ 19 ಮಕ್ಕಳು, 2 ಟೀಚರ್‌ಗಳು ಸತ್ತ ಮೇಲೆ ಅದೇ ಕಾರ್ನಿನ್ ಮುಂದೆ ನಿಂತು ಮಾತುಕತೆ ಮಾಡಿ ತಂದ ಕಾನೂನಲ್ಲಿ ಆ ಸಂದು ಸ್ವಲ್ಪ ಮುಚ್ತು.

ಶೆರಿಫ್‌ಗಳೆಲ್ಲ ಒಂದೇ ತರ ಅಂತಲೂ ತಿಳ್ಕೋಬೇಡ. ಕೊಲೊರಾಡೊದಲ್ಲಿ ಟೋನಿ ಸ್ಪರ್ಲಾಕ್ ಅಂತ ರಿಪಬ್ಲಿಕನ್ ಪಕ್ಷದ ಒಬ್ಬ ಶೆರಿಫ್ ಇದ್ದ, ಮಾನಸಿಕ ಸ್ಥಿಮಿತ ತಪ್ಪಿದ ಒಬ್ಬ 2017ರ ಕೊನೇ ದಿನ ಅವನ ಕೈಕೆಳಗಿನ ಪೊಲೀಸ್ ಡೆಪ್ಯೂಟಿ ಒಬ್ಬನನ್ನ ಗುಂಡಿಟ್ಟು ಕೊಂದ. ಅಂಥವರ ಕೈಯಿಂದ ಕೋರ್ಟ್ ಆರ್ಡರ್ ತಂದು ಸ್ವಲ್ಪ ಕಾಲ ಗನ್ ತಗೊಂಡಿಡೋ ರೆಡ್ ಫ್ಲಾಗ್ ಕಾನೂನಿಗೆ ಸ್ಪರ್ಲಾಕ್ ಬೆಂಬಲ ಕೊಟ್ಟ, ಅದೇ ರಾಜ್ಯದ ಇನ್ನೊಂದು ಕೌಂಟಿ ಶೆರಿಫ್ ಜೈಲಿಗೆ ಬೇಕಾದ್ರೂ ಹೋಗ್ತೀನಿ ಜಾರಿ ಮಾಡಲ್ಲ ಅಂದ್ರೂ ಇವನು ಹಿಂದೆ ಸರೀಲಿಲ್ಲ. 2019ರಲ್ಲಿ ಬಂದ ಆ ಕಾನೂನಿಗೆ ಸತ್ತ ಡೆಪ್ಯೂಟಿ ಹೆಸರನ್ನೇ ಇಟ್ಟಿದ್ದಾರೆ.

ನಾನು ಕೋವಿ ವಿರೋಧಿ ಅಲ್ಲ ಕಣೋ. ನಮ್ಮ ಮಲೆನಾಡಲ್ಲಿ ಹಂದಿ, ಕೋತಿ ಕಾಟಕ್ಕೆ ತೋಟದೋರು ಕೋವಿ ಇಟ್ಕೊಳ್ತಾರೆ, ಪೊಲೀಸ್ ರಿಪೋರ್ಟ್ ಹೋಗಿ ಆಮೇಲೆ ಲೈಸೆನ್ಸ್, ಎಲೆಕ್ಷನ್ ಬಂದ್ರೆ ಠಾಣೆಗೆ ತಂದು ಡೆಪಾಸಿಟ್, ಒಂದೊಂದಕ್ಕೂ ಚೀಟಿ ಕಟ್ಟಿ ರಿಜಿಸ್ಟರಲ್ಲಿ ಬರೆದಿಡೋ ಕೆಲಸ ನಾನೇ ಮಾಡಿದ್ದೀನಿ. ಗೊಣಗ್ತಾ ತರೋರು, ಆದ್ರೆ ತರೋರು. ಆ ಮನೆಗಳಿಗೆ ನಾನು ಮಹಜರಿಗೆ ಹೋಗಿದ್ದು ಕಳ್ಳನಿಗೆ ಹೊಡೆದ್ರು ಅಂತಲ್ಲ. ಸಾಲ, ಕುಡಿತ, ಅಣ್ಣತಮ್ಮಂದಿರ ಜಗಳ, ಒಂದು ಗಳಿಗೆ ಸಿಟ್ಟು, ಕೈಗೆ ಸಿಗೋ ಹಾಗೆ ಗೋಡೇಲಿ ನೇತು ಹಾಕಿದ ಡಬಲ್ ಬ್ಯಾರೆಲ್. ಅಮೆರಿಕಾದಲ್ಲೂ ಅಷ್ಟೇ, 2021ರಲ್ಲಿ ಗುಂಡಿಗೆ ಸತ್ತೋರು 48,830 ಜನ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಾವೇ ಹೊಡ್ಕೊಂಡೋರು.

2023ರ ಮೇ ತಿಂಗಳಲ್ಲಿ ನಿಮ್ಮ ಪಕ್ಕದ ಆಲನ್ ಊರಿನ ಮಾಲಲ್ಲಿ ಗುಂಡಿಗೆ 8 ಜನ ಸತ್ತಾಗ ನಿಮ್ಮಮ್ಮ ರಾತ್ರಿಯಿಡೀ ಫೋನ್ ಹಿಡ್ಕೊಂಡು ಕೂತಿದ್ರು. ಆ ಭಯಕ್ಕೇ ನೀನು ಗನ್ ಅಂತಿದ್ದೀಯ, ಅರ್ಥ ಆಗುತ್ತೆ. ಬಾಗಿಲಿಗೆ ಒಳ್ಳೆ ಲಾಕ್, ಕ್ಯಾಮೆರಾ ಹಾಕ್ಸು. ಇಷ್ಟಾದ್ರೂ ತಗೊಂಡೇ ತಗೋತೀನಿ ಅಂದ್ರೆ ಪಿಸ್ತೂಲ್ ಬೇರೆ, ಗುಂಡು ಬೇರೆ, ಎರಡೂ ಬೀಗದೊಳಗೆ ಇಡು, ಮಕ್ಕಳ ಕೈಗೆ ಸಿಗೋ ಹಾಗೆ ಬಿಟ್ರೆ ಟೆಕ್ಸಾಸಲ್ಲೂ ಅಪರಾಧವೇ. ಪುಟ್ಟಿನ ಯಾರ ಮನೆಗಾದ್ರೂ ಆಡೋಕೆ ಕಳಿಸೋ ಮುಂಚೆ ಅವರಲ್ಲಿ ಗನ್ ಇದ್ಯಾ, ಎಲ್ಲಿಟ್ಟಿದ್ದಾರೆ ಅಂತ ನಾಚಿಕೆ ಬಿಟ್ಟು ಕೇಳು. ಮುಂದೆ ಸಿಟಿಜನ್ ಆಗಿ ವೋಟು ಬಂದ ದಿನ, ಆ ಚೀಫ್‌ಗಳು ಕೇಳ್ತಿರೋದಕ್ಕೆ ಯಾವ ಕ್ಯಾಂಡಿಡೇಟ್ ಏನಂತಾನೆ ನೋಡಿ ಹಾಕು.

ಅಂಗಡಿಗೆ ಹೋಗೋ ಮುಂಚೆ ಹೆಂಡ್ತಿ ಹತ್ರ ಕೂತು ಮಾತಾಡು, ಭಾನುವಾರ ನಂಗೆ ಫೋನ್ ಮಾಡು.

ಇಂತಿ ನಿನ್ನ ಚಿಕ್ಕಪ್ಪ