ಗಿಣ್ಣು ಮೊದಲು ಕರುವಿಗೆ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಗಿಣ್ಣು ಮಾಡುವ ಕ್ರಮ ಬಂದಿತ್ತು. ಬೆಲ್ಲ, ಏಲಕ್ಕಿ, ಹಬೆ ಎಲ್ಲ ಸರಿಯೇ. ಕರುವಿನ ಸುದ್ದಿ ಮಾತ್ರ ಇರಲಿಲ್ಲ. ಹಟ್ಟಿಯಲ್ಲಿ ದನ ಕಟ್ಟಿಕೊಂಡವಳಾಗಿ ಸುಮ್ನಿರಲು ಆಗಲಿಲ್ಲ.

ಮನುಷ್ಯರ ಮಗುವಿಗೆ ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಪ್ರತಿಕಾಯಗಳು ಸಿಗುತ್ತವೆ. ಕರುವಿಗೆ ಹಾಗಲ್ಲ. ದನದ ಮಾಸು, ಅಂದರೆ ಹೊಟ್ಟೆಯೊಳಗೆ ಕರುವನ್ನು ತಾಯಿಗೆ ಜೋಡಿಸುವ ಪೊರೆ, ಅವನ್ನು ದಾಟಲು ಬಿಡುವುದಿಲ್ಲ. ಅವೆಲ್ಲ ಕರು ಹಾಕಿದ ಕೂಡಲೇ ಬರುವ ಗಿಣ್ಣು ಹಾಲಿನಿಂದಲೇ ಸಿಗಬೇಕು. ಅದನ್ನು ಹೀರಿ ರಕ್ತಕ್ಕೆ ಸೇರಿಸುವ ಶಕ್ತಿ ಕರುವಿನ ಕರುಳಿಗೆ ಗಂಟೆಗಂಟೆಗೂ ಇಳಿಯುತ್ತದೆ. 24 ಗಂಟೆ ಕಳೆದರೆ ಹೆಚ್ಚುಕಡಿಮೆ ಮುಗಿಯಿತು. ಹಾಗಾಗಿ ಹುಟ್ಟಿದ 2 ಗಂಟೆಯೊಳಗೆ ಮೊದಲ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. ಕರುವಿನ ತೂಕದ ಹತ್ತನೇ ಒಂದು ಪಾಲು ಅಂತ ಲೆಕ್ಕ. 25 ಕಿಲೋ ತೂಗುವ ಜೆರ್ಸಿ ಕ್ರಾಸ್ ಕರುವಿಗೆ ಮೊದಲ ದಿನ ಎರಡೂವರೆ ಲೀಟರ್ ಆದರೂ ಬೇಕು.

ನಮ್ಮ ಕಡೆ ಮಾಸು ಬೀಳದೆ ಕರುವನ್ನು ಬಿಡಬಾರದು ಎನ್ನುವವರೇ ಜಾಸ್ತಿ. ನಮ್ಮ ಅತ್ತೆಯವರದ್ದೂ ಅದೇ ಮಾತು. ಮಾಸು ಬೀಳಲು ಕೆಲವೊಮ್ಮೆ ಎಂಟು ಹತ್ತು ಗಂಟೆ ಬೇಕು. ರಾತ್ರಿ ಹುಟ್ಟಿದ ಕರು ಬೆಳಗಿನವರೆಗೆ ಹಸಿದು ಮಲಗಿರಬೇಕಾ? ಕರು ಚೀಪಿದರೆ ಗರ್ಭಕೋಶ ಕುಗ್ಗಿ ಮಾಸು ಬೀಳಲು ಅನುಕೂಲವೇ ಆಗುತ್ತದೆ.

ನಮ್ಮೂರ ಸಣ್ಣ ನಾಟಿ ತಳಿಯಾದ ಕಾಸರಗೋಡು ಗಿಡ್ಡದ ಕರು ಬೇಗ ಎದ್ದು ತಾನೇ ಮೊಲೆ ಹುಡುಕಿಕೊಳ್ಳುತ್ತದೆ. ತಾಯಿಯ ಕೆಚ್ಚಲು ಜೋತುಬಿದ್ದಿದ್ದರೆ ಕ್ರಾಸ್ ಕರು ತಡಕಾಡುತ್ತದೆ. ಹಿಡಿದು ಕುಡಿಸಬೇಕು, ಇಲ್ಲವೇ ಹಾಲು ಕರೆದು ನಿಪ್ಪಲ್ ಬಾಟಲಿಯಲ್ಲಿ ಕೊಡಬೇಕು. ಗೊಟ್ಟದಲ್ಲಿ (ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ) ಬಾಯಿಗೆ ಸುರಿಯುವುದು ಮಾತ್ರ ಬೇಡ. ಶ್ವಾಸಕೋಶಕ್ಕೆ ಇಳಿದರೆ ಕರು ಉಳಿಯುವುದು ಕಷ್ಟ. ಹೋರಿ ಕರುವಿಗಂತೂ ಈ ಉಪಚಾರವೇ ಇಲ್ಲ, ಅಲ್ವಾ? ಆಮೇಲೆ ಭೇದಿ ಶುರುವಾದಾಗ ಡಾಕ್ಟರಿಗೆ ಫೋನು.

ಕರು ಕುಡಿದು ಉಳಿದದ್ದರಲ್ಲಿ ಗಿಣ್ಣು ಧಾರಾಳ ಮಾಡಿ, ನನಗೂ ಇಷ್ಟವೇ. ಒಂದು ಲೀಟರನ್ನು ಫ್ರೀಜರಿನಲ್ಲಿಟ್ಟರೆ ಮುಂದೆ ತಾಯಿ ಸತ್ತ ಕರುವಿಗೆ ಆದೀತು. ಉಗುರುಬೆಚ್ಚಗಿನ ನೀರಿನಲ್ಲಿಟ್ಟೇ ಕರಗಿಸಬೇಕು. ಕುದಿಸಿದರೆ ಪ್ರತಿಕಾಯಗಳು ಹಾಳಾಗುತ್ತವೆ.

ಇದನ್ನೆಲ್ಲ ಹೇಳುವ ಕರಪತ್ರ ನನಗೆ ಸಿಕ್ಕಿದ್ದು ಮಲಯಾಳದಲ್ಲಿ. ನಾನು ಕಲಿತದ್ದು ಕನ್ನಡ ಶಾಲೆ, ಮಗಳು ಓದಿ ಹೇಳಬೇಕಾಯಿತು. ಸಂಬಂಧಪಟ್ಟವರು ಕನ್ನಡದಲ್ಲೂ ಅಚ್ಚು ಹಾಕಿಸಿ, ಗಡಿಭಾಗದ ಹಾಲಿನ ಸೊಸೈಟಿಗಳಲ್ಲಿ ಹಾಲು ಅಳೆಯುವ ಜಾಗದ ಗೋಡೆಗೆ ಅಂಟಿಸಲಿ. ಬೆಳಿಗ್ಗೆ ಸಂಜೆ ಎಲ್ಲರೂ ಅಲ್ಲೇ ಸಾಲು ನಿಲ್ಲುತ್ತೇವೆ.

ದನ ಸಾಕುವ ಓದುಗ ಮಹಿಳೆ,
ಪೆರ್ಲ, ಕಾಸರಗೋಡು ಜಿಲ್ಲೆ