ಟೈಲ್ಸ್ ಕಿತ್ತ ಮೇಲೆ ಏನು ನೆಡೋಣ?

ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋ ನೋಡಿದೆ. ಗೇಟಿನಿಂದ ಬಾಗಿಲ ತನಕ ಬರೀ ಟೈಲ್ಸು, ಗೋಡೆ ಪಕ್ಕ ಎರಡು ಪ್ಲಾಸ್ಟಿಕ್ ಕುಂಡ. ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಮುಂದೆ ಉಳಿಯೋದೇ ಅಷ್ಟು, ಅದರಲ್ಲಿ ಕಾರೂ ನಿಲ್ಲಬೇಕು. ಆದರೂ ಚಿಟ್ಟೆ, ಹಕ್ಕಿ ಬರುವ ತೋಟ ಆಗುತ್ತೆ ಕಣೇ. ನನ್ನದು ಒಂದೇ ಷರತ್ತು. ಎಲೆ ತೂತಾಯಿತು ಅಂತ ನೀನು ಔಷಧಿ ತರೋಕೆ ಓಡಬಾರದು.

ಟೈಲ್ಸ್ ಪೂರ್ತಿ ಕೀಳಿಸಬೇಡ. ಕಾರಿನ ಚಕ್ರ ಓಡುವ ಎರಡು ಪಟ್ಟಿ ಹಾಗೇ ಇರಲಿ. ನಡುವಿನದ್ದು ಮತ್ತೆ ಕಾಂಪೌಂಡ್ ಉದ್ದಕ್ಕೂ ಎರಡಡಿ ಅಗಲ ತೆಗೆಸು. ಕೆಳಗಿನ ಕಾಂಕ್ರೀಟನ್ನೂ ಒಡೆಸಿ, ನಿಜವಾದ ಮಣ್ಣು ಕಾಣುವ ತನಕ ಅಗೆಸು. ಮೇಸ್ತ್ರಿ "ಅಷ್ಟೊಂದು ಯಾಕಮ್ಮ" ಅಂದೇ ಅನ್ನುತ್ತಾನೆ, ಬಿಡಬೇಡ. ಮನೆ ಕಟ್ಟುವಾಗಿನ ಜಲ್ಲಿ, ಸಿಮೆಂಟು ಎಲ್ಲಾ ಅಲ್ಲೇ ಹೂತಿರುತ್ತೆ. ಅದನ್ನು ಆರಿಸಿ ತೆಗೆದು ಕೆಂಪು ಮಣ್ಣು, ಗೊಬ್ಬರ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿದರೆ ಸಾಕು.

ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗಿಂತ ಜಾಸ್ತಿ ಬೀಳುತ್ತೆ. ನಿಮ್ಮ ಅಂಗಳದ್ದು ಈಗ ಪೂರ್ತಿ ಮೋರಿಗೆ. ಕಾವೇರಿ ನೀರನ್ನು ಗಿಡಕ್ಕೆ ಬಿಡೋ ಯೋಚನೆ ಅಂತೂ ಬೇಡ. 2024ರ ಮಾರ್ಚಿನಲ್ಲಿ ಕುಡಿಯೋ ನೀರನ್ನು ತೋಟಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತಲ್ಲ. ಅಕ್ಕಿ, ತರಕಾರಿ ತೊಳೆದ ನೀರಲ್ಲೇ ಬೇಸಿಗೆ ಕಳೆಯುವ ಗಿಡಗಳನ್ನು ಆರಿಸೋಣ.

ಮೊದಲನೆಯದು ಕರಿಬೇವು. ಗೇಟಿನ ಹತ್ತಿರ, ಬಿಸಿಲು ಬೀಳೋ ಕಡೆ. ಒಗ್ಗರಣೆಗೆ ಮಾತ್ರ ಅಲ್ಲ. ಕಾಮನ್ ಮಾರ್ಮನ್ ಅಂತ ಒಂದು ಕಪ್ಪು ಚಿಟ್ಟೆ ಅದರ ಮೇಲೇ ಮೊಟ್ಟೆ ಇಡುತ್ತೆ. ಮರಿಹುಳ ಸಣ್ಣದಿರುವಾಗ ಥೇಟ್ ಹಕ್ಕಿ ಹಿಕ್ಕೆ, ಕಪ್ಪು ಬಿಳಿ ಮಚ್ಚೆ. ಹಕ್ಕಿ ನೋಡಿದರೂ ತಿನ್ನಲ್ಲ. ಬೆಳೆದ ಮೇಲೆ ಎಲೆಯ ಹಸಿರಿಗೇ ತಿರುಗುತ್ತೆ, ಎದುರಿಗಿದ್ದರೂ ಕಣ್ಣಿಗೆ ಬೀಳಲ್ಲ. ಕಡ್ಡಿಯಲ್ಲಿ ಮೆಲ್ಲಗೆ ತಾಗಿಸಿ ನೋಡು. ತಲೆಯ ಹಿಂದಿನಿಂದ ಕೆಂಪಗೆ ಹಾವಿನ ನಾಲಗೆಯಂಥದ್ದು ಕವಲೊಡೆದು ಈಚೆ ಬರುತ್ತೆ, ಜೊತೆಗೇ ಘಾಟು ವಾಸನೆ. ಚಿನ್ನುಗೆ ಇದನ್ನು ತೋರಿಸು, ಆಮೇಲೆ ಮೊಬೈಲ್ ಕೇಳಿದರೆ ನನಗೆ ಹೇಳು. ಗಿಡದ ಅರ್ಧ ಎಲೆ ಹೋಗಬಹುದು. ಹೋಗಲಿ, ಮತ್ತೆ ಚಿಗುರುತ್ತೆ. ಸಾರಿಗೆ ಬೇಕಾದರೆ ಆ ವಾರ ಅಂಗಡಿಯಿಂದ ಒಂದು ಕಟ್ಟು ತಂದುಕೋ.

ಕಾಂಪೌಂಡಿಗೆ ಈಶ್ವರಿ ಬಳ್ಳಿ ಹಬ್ಬಿಸು. ಕ್ರಿಮ್ಸನ್ ರೋಸ್ ಚಿಟ್ಟೆಯ ಹುಳಕ್ಕೆ ಅದೇ ಊಟ. ಅದರ ಪಕ್ಕ ಶಂಖಪುಷ್ಪ. ಮೂಲೆಯಲ್ಲಿ ಒಂದು ಪಾರಿಜಾತ, ಅದಕ್ಕಿಂತ ದೊಡ್ಡ ಮರ ಆ ಜಾಗಕ್ಕೆ ಬೇಡ. ದಾಸವಾಳ ಒಂಟಿ ಎಸಳಿನದ್ದೇ ತಗೋ. ಮುದ್ದೆ ದಾಸವಾಳ ದೇವರಿಗೆ ಚೆಂದ, ಆದರೆ ಹೂವಿನ ರಸ ಹೀರೋ ಪುಟ್ಟ ಹಕ್ಕಿ ಸೂರಕ್ಕಿಗೆ ಅದರಲ್ಲಿ ಮಕರಂದ ಸುಲಭಕ್ಕೆ ಸಿಗಲ್ಲ. ತುಳಸಿ ಕಟ್ಟೆ ಹೇಗೂ ಇದೆ. ಕದಿರು ಬಂದ ತಕ್ಷಣ ಎಲ್ಲಾ ಚಿವುಟಬೇಡ, ಒಂದೆರಡು ಟಿಸಿಲು ಬಿಡು, ಕೋಲುಜೇನು ಬರುತ್ತೆ.

ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜರ್ಮನ್ ತೋಟಗಾರ ಕ್ರುಂಬಿಗಲ್ ಸಾಹೇಬರು ಗೊತ್ತಲ್ಲ, 1908ರಲ್ಲಿ ಈ ಊರಿಗೆ ಬಂದವರು. ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳಬೇಕು ಅಂತ ಬೀದಿಗಳಿಗೆ ಮರ ಆರಿಸಿದರು. ನಿಮ್ಮ ಎರಡಡಿ ಪಟ್ಟಿಗೂ ಅದೇ ಲೆಕ್ಕ. ಬೇಸಿಗೆಗೆ ಮಲ್ಲಿಗೆ, ಮಳೆ ಮುಗಿಯುವಾಗ ಪಾರಿಜಾತ, ಚಳಿಗೆ ಸ್ಫಟಿಕ, ವರ್ಷವಿಡೀ ದಾಸವಾಳ, ಕನಕಾಂಬರ. ಜೇನಿಗೆ ಯಾವ ತಿಂಗಳೂ ಉಪವಾಸ ಇರಬಾರದು.

ಚಕ್ರದ ಪಟ್ಟಿಗಳ ನಡುವೆ ಲಾನ್ ಹಾಕಿಸೋಣ ಅಂದೆಯಲ್ಲ, ಸುಮ್ನೆ ದುಡ್ಡು ದಂಡ. ನೀರು ಕುಡಿಯುತ್ತೆ, ಒಂದು ಚಿಟ್ಟೆಗೂ ಪ್ರಯೋಜನ ಇಲ್ಲ. ಒಂದೆಲಗ ಹಾಕು, ತೇವ ಇದ್ದರೆ ತಾನೇ ಹರಡಿಕೊಳ್ಳುತ್ತೆ. ತಂಬುಳಿಗೆ ಮಾತ್ರ ಅಲ್ಲಿಂದ ಕೀಳಬೇಡ, ಕಾರಿನ ಎಣ್ಣೆ ತೊಟ್ಟಿಕ್ಕುವ ಜಾಗ ಅದು. ಅಡುಗೆಗೆ ಒಂದು ಕುಂಡದಲ್ಲಿ ಬೇರೆ ಇಟ್ಟುಕೋ.

ಹಕ್ಕಿಗೆ ನೀರಿಡಬೇಕು ಅಂದರೆ ಮಣ್ಣಿನ ಅಗಲ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ನಡುವೆ ಒಂದು ಕಲ್ಲು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಉಜ್ಜಿ ತೊಳಿ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರೋಕೆ ವಾರ ಬೇಕು, ಅದಕ್ಕೆ ಅಷ್ಟು ಸಮಯ ಕೊಡಬೇಡ. ಸಂಜೆ ಮೇಲೆ ಗೇಟಿನ ದೊಡ್ಡ ಲೈಟೂ ಆರಿಸು, ಪತಂಗಗಳು ಪಾಪ ಅದಕ್ಕೇ ಸುತ್ತಿ ಸುತ್ತಿ ಸುಸ್ತಾಗುತ್ತವೆ.

ನಿಮ್ಮತ್ತೆಯವರು ಹಾವು ಬರುತ್ತೆ ಅಂತ ಹೆದರಿದ್ದಾರೆ ಅಂದೆ. ಅವರ ಮಾತು ತಳ್ಳಿ ಹಾಕಬೇಡ. ಬಾಗಿಲ ಹತ್ತಿರದ ಮೂರಡಿ ಜಾಗ ಚೊಕ್ಕಟವಾಗಿ ಬಿಡು, ಅಲ್ಲಿ ಅವರು ರಂಗೋಲಿ ಹಾಕಲಿ. ಒಣಗಿದ ಎಲೆಯನ್ನು ಗೋಡೆ ಕಡೆಗೆ ಮಾತ್ರ ಹರಡು, ಗಿಡದ ಬುಡ ತಂಪಾಗಿರುತ್ತೆ. ಅಲ್ಲಿ ಹಾವುರಾಣಿ ಕಂಡರೆ ಅದು ಹಾವಲ್ಲ, ಹುಳ ತಿನ್ನೋ ಹಲ್ಲಿ ಜಾತಿ ಅಂತ ಮೊದಲೇ ಹೇಳಿಟ್ಟಿರು.

ಮೇ ಕೊನೆಯೊಳಗೆ ಅಗೆತ ಮುಗಿಸಿಬಿಡಿ, ಜೂನ್ ಮಳೆಗೆ ನೆಡೋಣ. ಸ್ಫಟಿಕ, ದಾಸವಾಳದ ಕಡ್ಡಿ ನಾನೇ ತರುತ್ತೇನೆ. ಪಾರಿಜಾತ, ಕರಿಬೇವಿನ ಸಸಿಗೆ ನಿಮ್ಮಪ್ಪನ ಜೊತೆ ಸಿದ್ದಾಪುರದ ನರ್ಸರಿಗಳಿಗೆ ಹೋಗಿ ಬಾ, ಚೌಕಾಸಿ ಅವರಿಗೇ ಬಿಡು. ಕಿತ್ತ ಟೈಲ್ಸ್ ಎಸೆಯಬೇಡಿ, ಪಾತಿಯ ಅಂಚಿಗೆ ನಿಲ್ಲಿಸಬಹುದು. ಅಳಿಯಂದಿರಿಗೆ ಕೇಳಿದೆ ಅಂತ ಹೇಳು.

ನಿನ್ನ ಅಮ್ಮ