ಮಂಗಳೂರಿನ ಮನೆಗೆ ಹೇಳಿದ್ದು ಕಲಬುರಗಿಯ ಮನೆಗೆ ಆಗುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ಕರಾವಳಿಯ ಹಳೆ ಮನೆಗಳಿಗೆ ಇನ್ಸುಲೇಷನ್, ಅಂದರೆ ಶಾಖ ತಡೆಯುವ ಪದರ, ಮಾಡಿಸುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ನನ್ನ ತಕರಾರು ಲೇಖನದ ಮೇಲಲ್ಲ. ಅದರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚಿ, "ನೋಡ್ರಿ, ಪೇಪರ್‌ನಾಗೇ ಬಂದದ" ಅಂತ ನಮ್ಮೂರಲ್ಲಿ ಥರ್ಮೋಕೋಲ್, ಫಾಯಿಲ್ ಶೀಟು ಮಾರುತ್ತಿದ್ದಾರಲ್ಲ, ಅವರ ಮೇಲೆ. ನಾನು ಕಲಬುರಗಿಯಲ್ಲಿ ಹಳೆ ಮನೆಗಳ ರಿಪೇರಿ ಮಾಡಿಸುವವನು. ಈ ಸಲ ಬೇಸಿಗೆ ಶುರುವಾಗುವ ಮೊದಲೇ ಜನ ಆ ಫೋಟೊ ತೋರಿಸಿ "ನಮಗೂ ಇದನ್ನೇ ಮಾಡಿಸಿಕೊಡ್ರಿ" ಅಂತಿದ್ದಾರೆ. ಅದಕ್ಕೇ ಈ ಪತ್ರ.

ಮೊದಲು ಕರಾವಳಿಯ ವಿಷಯ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಮಳೆಗಾಲ ಬಿಟ್ಟರೂ ಗಾಳಿಯಲ್ಲಿ ನೀರಿನ ಪಸೆ ಇದ್ದೇ ಇರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಡಿಗ್ರಿ ಇದ್ದರೆ ರಾತ್ರಿ 25–26. ಹಗಲಿಗೂ ರಾತ್ರಿಗೂ ದೊಡ್ಡ ವ್ಯತ್ಯಾಸ ಇಲ್ಲ. ಅಲ್ಲಿ ಜನರನ್ನು ಕಾಡೋದು ಬೆವರು, ಅದು ಆರಬೇಕೆಂದರೆ ಗಾಳಿ ಆಡಬೇಕು. ಹಳಬರು ಅದನ್ನು ಅರಿತೇ ಮನೆ ಕಟ್ಟಿದ್ದು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಮಂಗಳೂರು ಹೆಂಚು ಎಲ್ಲ ಕಡೆ ಹೋಯಿತಲ್ಲ, ಆ ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಕೆಳಗೆ ಮರದ ಹಲಗೆಯ ಅಟ್ಟ ಇರುವ ಮನೆಗಳೂ ಇವೆ. ಕೆಂಪುಕಲ್ಲಿನ ಗೋಡೆಗೆ ಸುಣ್ಣದ ಗಾರೆ, ಮಳೆಗಾಲದಲ್ಲಿ ಪಸೆ ಹಿಡಿದರೂ ಬಿಸಿಲು ಬಿದ್ದಾಗ ಆರುತ್ತದೆ.

ಈಗ ಏನಾಗುತ್ತಿದೆ ನೋಡಿ. ಅಂಥ ಮನೆಯ ಒಂದು ಕೋಣೆಗೆ ಎ.ಸಿ. ಬೇಕು. ಎ.ಸಿ. ಬೇಕೆಂದರೆ ಸಂದಿ ಎಲ್ಲ ಮುಚ್ಚಬೇಕು. ಫಾಲ್ಸ್ ಸೀಲಿಂಗ್ ಮಾಡಿಸಿ ಅದರ ಮೇಲೆ ಗ್ಲಾಸ್‌ವೂಲ್ (ಗಾಜಿನ ಎಳೆಯ ಉಣ್ಣೆ) ತುಂಬುತ್ತಾರೆ, ಗೋಡೆಗೆ ಸಿಮೆಂಟು, ಪ್ಲಾಸ್ಟಿಕ್ ಪೇಂಟು ಬಳಿಯುತ್ತಾರೆ. ಮೇ ತಿಂಗಳ ಮಂಗಳೂರಿನ ಗಾಳಿ ಸುಮಾರು 25 ಡಿಗ್ರಿಗೆ ತಣ್ಣಗಾದರೆ ಸಾಕು, ನೀರು ಬಿಡುತ್ತದೆ. ಒಳಗೆ ಎ.ಸಿ. 20ಕ್ಕೆ ಇಟ್ಟು ಮಲಗಿದರೆ ಹೊರಗಿನ ಗಾಳಿ ಸಂದಿಯಲ್ಲಿ ನುಸುಳಿ ಬಂದು ಆ ತಣ್ಣನೆಯ ಸೀಲಿಂಗಿನ ಬೆನ್ನಿಗೆ ತಾಗಿ ಬೆವರುತ್ತದೆ. ಗ್ಲಾಸ್‌ವೂಲ್ ಒದ್ದೆಯಾಗುತ್ತದೆ. ಅದರೊಳಗೆ ನಿಂತ ಗಾಳಿಯೇ ಶಾಖ ತಡೆಯೋದು. ಆ ಗಾಳಿಗಿಂತ ನೀರು 20 ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತದೆ, ಅಂದಮೇಲೆ ಒದ್ದೆಯಾದ ಇನ್ಸುಲೇಷನ್ ಇದ್ದೂ ಇಲ್ಲದ ಹಾಗೆ. ಆಮೇಲೆ ಬೂಷ್ಟು, ಮರದ ಪಕಾಸಿಗೆ ಕೊಳೆ. ನನ್ನ ತಂಗಿಯ ಗಂಡನಿಗೆ ಬ್ಯಾಂಕ್ ಕೆಲಸ, ವರ್ಗ ಆಗಿ ಕುಂದಾಪುರದ ಒಂದು ಹಳೆ ಮನೆಯಲ್ಲಿ ಬಾಡಿಗೆಗೆ ಇದ್ದರು. ಅಲ್ಲಿನ ಮಲಗುವ ಕೋಣೆಯ ಸೀಲಿಂಗ್ ತುಂಬ ಕಪ್ಪು ಚುಕ್ಕೆ. ಮಾಲೀಕರು ಹೆಂಚು ಸೋರುತ್ತಿದೆ ಅಂತ ಹೆಂಚು ಬದಲಾಯಿಸಿದರು. ಹೆಂಚು ಸೋರುತ್ತಲೇ ಇರಲಿಲ್ಲ.

ಪಸೆ ತಡೆಯುವ ಹಾಳೆ ಯಾವ ಕಡೆ ಬರಬೇಕು ಅನ್ನೋದೂ ಮುಖ್ಯ. ಚಳಿ ದೇಶದಲ್ಲಿ ಅದು ಮನೆಯ ಒಳಬದಿಗೆ, ಯಾಕೆಂದರೆ ಅಲ್ಲಿ ಪಸೆ ಬೆಚ್ಚನೆಯ ಒಳಗಿಂದ ಹೊರಗೆ ಹೋಗುತ್ತದೆ. ಎ.ಸಿ. ಹಾಕಿದ ಕರಾವಳಿ ಮನೆಯಲ್ಲಿ ತದ್ವಿರುದ್ಧ, ಹಾಳೆ ಹೊರಬದಿಗೇ ಬರಬೇಕು. ಯೂಟ್ಯೂಬ್‌ನಲ್ಲಿ ಅಮೆರಿಕದ ವಿಡಿಯೊ ನೋಡಿ ಮಾಡಿಸಿದರೆ ನೀರನ್ನು ಗೋಡೆಯೊಳಗೇ ಕಟ್ಟಿಹಾಕಿದಂತೆ. ನಿಮ್ಮ ಲೇಖನದಲ್ಲಿ ಈ ಒಂದು ಮಾತು ಬಿಟ್ಟುಹೋಗಿತ್ತು, ಕರಾವಳಿ ಓದುಗರಿಗಾಗಿ ಇನ್ನೊಮ್ಮೆ ಹಾಕಿ.

ಇನ್ನು ನಮ್ಮ ಕಡೆ. ಕಲಬುರಗಿ, ಯಾದಗಿರಿಯಲ್ಲಿ ಏಪ್ರಿಲ್–ಮೇ ಅಂದರೆ 42 ದಾಟೋದು ಹೊಸದೇನಲ್ಲ. ಬೀದರ್ ಎತ್ತರದಲ್ಲಿದೆ, ಅವರಿಗೆ ಸ್ವಲ್ಪ ವಾಸಿ. ನಮ್ಮದು ಒಣ ಬಿಸಿ. ರಾತ್ರಿ ಹೊರಗಡೆ ಇಪ್ಪತ್ತು ಅಲ್ಲದಿದ್ದರೂ ಹದಿಮೂರು–ಹದಿನಾಲ್ಕು ಡಿಗ್ರಿ ಇಳಿಯುತ್ತದೆ. ಇದು ನಮಗೆ ಸಿಕ್ಕಿರುವ ದೊಡ್ಡ ಅನುಕೂಲ, ಕರಾವಳಿಯವರಿಗೆ ಇಲ್ಲ. ನಮ್ಮೂರಿನ ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆ ಮನೆಗಳನ್ನು ನೋಡಿ. ಎರಡಡಿ ದಪ್ಪದ ಕಲ್ಲಿನ ಗೋಡೆ, ಮರದ ತೊಲೆ–ಜಂತಿಯ ಮೇಲೆ ಅಡಿಗಟ್ಟಲೆ ಮಣ್ಣು ಹಾಕಿದ ಮಾಳಿಗೆ, ಮೇಲೆ ಬೆಳಕಿಂಡಿ. ಹಗಲಿನ ಕಾವು ಆ ಗೋಡೆ ದಾಟಿ ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ, ಬಾಗಿಲು ಬೆಳಕಿಂಡಿ ತೆರೆದರೆ ಆಯಿತು. ಮಾಳಿಗೆಗೆ ಸವಳು ಮಣ್ಣು ಹಾಕುತ್ತಿದ್ದರು, ಅದು ಮಳೆ ಬಿದ್ದಾಗ ಕಣ ಬಿಚ್ಚಿ ಸಂದು ಮುಚ್ಚಿಕೊಳ್ಳುತ್ತದೆ, ಸುಲಭಕ್ಕೆ ಸೋರುವುದಿಲ್ಲ.

ಹಾಗಂತ ಎಲ್ಲರೂ ಮಣ್ಣಿನ ಮಾಳಿಗೆಗೆ ವಾಪಸ್ ಹೋಗಿ ಅನ್ನುವವನು ನಾನಲ್ಲ. ಅದನ್ನು ಹೊಗಳಿ ಬರೆಯುವವರು ಬಹುತೇಕ ಸ್ಲ್ಯಾಬ್ ಮನೆಯಲ್ಲೇ ಇರುತ್ತಾರೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಭೂಕಂಪ ಆದಾಗ ಸುಮಾರು 10 ಸಾವಿರ ಜನ ಸತ್ತರು. ಕಿಲ್ಲಾರಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯದಾದರೂ ನಮ್ಮ ಆಳಂದದಿಂದ ದೂರವೇನಿಲ್ಲ. ಅಲ್ಲಿ ಜನರ ಮೇಲೆ ಬಿದ್ದದ್ದು ಇದೇ ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆ, ಇದೇ ಭಾರದ ಮಾಳಿಗೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಬಿಡದೆ ಮಳೆ ಹಿಡಿದಾಗಲೂ ಮಣ್ಣಿನ ಮನೆಯವರ ಪಾಡು ಹೇಳತೀರದು. ಜನ ಸ್ಲ್ಯಾಬ್ ಹಾಕಿಸಿದ್ದು ಶೋಕಿಗಲ್ಲ. ಆದರೆ ಹಳೆ ಗೋಡೆ ಉಳಿಸಿಕೊಂಡು ಮೇಲೆ ಬರೀ ನಾಲ್ಕೈದು ಇಂಚಿನ ಸ್ಲ್ಯಾಬ್ ಹಾಕಿದರು, ಅಲ್ಲಿಗೆ ಮನೆ ಕಾಯ್ದ ಹಂಚಾಯಿತು. ಏಪ್ರಿಲ್ ಮಧ್ಯಾಹ್ನ ಬರೀ ತಾರಸಿಯ ಮೇಲ್ಮೈ 60 ಡಿಗ್ರಿ ಮುಟ್ಟೋದು ದೊಡ್ಡ ಮಾತಲ್ಲ. ಆ ಕಾವು ಸಂಜೆಯಿಂದ ಮಧ್ಯರಾತ್ರಿವರೆಗೆ ಒಳಗೆ ಇಳಿಯುತ್ತಲೇ ಇರುತ್ತದೆ. ಹೊರಗೆ ತಂಪು, ಒಳಗೆ ಧಗೆ. ಜನ ಹಾಸಿಗೆ ಎತ್ತಿಕೊಂಡು ಮಾಳಿಗೆ ಮೇಲೆ ಹೋಗೋದು ಅದಕ್ಕೇ ಅಲ್ವಾ?

ಇಂಥ ಸ್ಲ್ಯಾಬಿನ ಕೆಳಗೆ ಥರ್ಮೋಕೋಲ್ ಅಂಟಿಸಿ ಪಿಒಪಿ ಸೀಲಿಂಗ್ ಹಾಕಿದರೆ ಏನೂ ಉಪಯೋಗ ಇಲ್ಲ ಅಂತ ಹೇಳುವುದಿಲ್ಲ. ಝಳ ಸ್ವಲ್ಪ ಕಮ್ಮಿ ಆಗುತ್ತದೆ. ಆದರೆ ಬಿಸಿಲು ಬೀಳೋದು ಮೇಲೆ, ತಡೆಯೋದು ಕೆಳಗೆ! ಸ್ಲ್ಯಾಬ್ ಮಾತ್ರ ದಿನಾ ಕಾದು ಹಿಗ್ಗಿ, ರಾತ್ರಿ ಕುಗ್ಗಿ, ಬಿರುಕು ಬಿಡುತ್ತಲೇ ಹೋಗುತ್ತದೆ. ಮಳೆಗಾಲದಲ್ಲಿ ಆ ಬಿರುಕಿನಿಂದ ನೀರು ಇಳಿದರೆ ಸೀಲಿಂಗ್ ಉಬ್ಬುವವರೆಗೆ ಗೊತ್ತೇ ಆಗುವುದಿಲ್ಲ. ಮೊದಲೇ ಹತ್ತಡಿ ಎತ್ತರದ ಕೋಣೆ, ಫ್ಯಾನು ಇನ್ನೂ ಕೆಳಗೆ ಬರುತ್ತದೆ. ಇಲಿ ಸೇರಿಕೊಳ್ಳುತ್ತವೆ. ವೈರಿಂಗ್ ಹಳೆಯದಾಗಿದ್ದರಂತೂ ನಾನು ಥರ್ಮೋಕೋಲ್ ಮುಟ್ಟಲೂ ಬಿಡುವುದಿಲ್ಲ. ಬೆಂಕಿ ಹತ್ತಿದರೆ ಅದರ ಕರಿ ಹೊಗೆ ಸಾಕು ಜೀವ ತೆಗೆಯಲು.

ಫಾಯಿಲ್ ಶೀಟಿನ ಕಥೆ ಬೇರೆ. ಅದರ ಹೊಳೆಯುವ ಮುಖದ ಎದುರು ಗಾಳಿಯ ಸಂದು ಇದ್ದರೆ ಮಾತ್ರ ಅದು ಕೆಲಸ ಮಾಡೋದು. ಸ್ಲ್ಯಾಬಿಗೆ ಗೋಂದು ಹಚ್ಚಿ ಅಂಟಿಸಿ ಮೇಲೆ ಪಿಒಪಿ ಬಳಿದರೆ ದುಡ್ಡು ದಂಡ. ಪತ್ರಾ (ತಗಡು) ಶೆಡ್ಡಿನವರಿಗೆ ಮಾತ್ರ ನಾನೇ ಹೇಳುತ್ತೇನೆ, ಹಾಕಿಸಿ, ಪತ್ರಾಕ್ಕೂ ಶೀಟಿಗೂ ನಡುವೆ ಮೂರ್ನಾಲ್ಕು ಇಂಚು ಬಿಟ್ಟು ಹಾಕಿಸಿ, ಎರಡೂ ತುದಿಯಲ್ಲಿ ಗಾಳಿಗೆ ದಾರಿ ಇಡಿ.

ನಮ್ಮ ಸ್ಲ್ಯಾಬ್ ಮನೆಗೆ ಮೊದಲ ಕೆಲಸ ಮೇಲೆ ಬಿಳಿ ಬಳಿಯೋದು. ಸುಣ್ಣಕ್ಕೆ ಸ್ವಲ್ಪ ಬಿಳಿ ಸಿಮೆಂಟು, ಅಂಟು ಸೇರಿಸಿ ಎರಡು ಕೋಟು. ಮಾರ್ಚ್ ಸುಮಾರಿಗೆ ಬರುವ ಶರಣಬಸವೇಶ್ವರ ಜಾತ್ರೆ ಮುಗಿಯುವುದರೊಳಗೆ ಬಳಿದುಬಿಡಬೇಕು. ಮೇಲ್ಮೈ ಬಿಸಿ ಹತ್ತು ಡಿಗ್ರಿಗೂ ಮೀರಿ ಇಳಿಯುತ್ತದೆ, ಒಳಗೆ ಎರಡು–ಮೂರು ಡಿಗ್ರಿ. ಧೂಳು ಕೂತು, ಮಳೆಗೆ ತೊಳೆದುಹೋಗುತ್ತದೆ, ವರ್ಷಾ ಬಳಿಯಬೇಕು. ಬೇಸರವೇ. ದುಡ್ಡಿದ್ದವರು ಇಟ್ಟಿಗೆ ಚೂರು, ಸುಣ್ಣದ ಕೋಬಾ (ಬಡಿದು ಕೂರಿಸಿದ ಪದರ) ಹಾಕಿಸಿ ಮೇಲೆ ಬಿಳಿ ಚೈನಾ ಚಿಪ್ಸ್ (ಹೆಂಚಿನ ಬಿಲ್ಲೆ ಚೂರು) ಕೂರಿಸಲಿ, ಇಲ್ಲವೇ ವಾಟರ್‌ಪ್ರೂಫಿಂಗ್ ಮಾಡಿಸಿ ಗಟ್ಟಿ ಫೋಮ್ ಬೋರ್ಡು ಹಾಸಿ ಅದರ ಮೇಲೆ ಸ್ಕ್ರೀಡ್ (ಸಿಮೆಂಟಿನ ತೆಳು ಪದರ) ಹಾಕಿಸಲಿ. ನಮ್ಮಲ್ಲಿ ಶಹಾಬಾದ್ ಪರಸಿ ಅಗ್ಗ ಅಂತ ತಾರಸಿಗೂ ಅದನ್ನೇ ಹಾಸುತ್ತಾರೆ, ಆ ಬೂದು ಕಲ್ಲು ಬಿಸಿಲು ಕುಡಿಯುತ್ತದೆ, ಹಾಸಿದ್ದರೆ ಅದರ ಮೇಲೂ ಬಿಳಿ ಬಳಿಯಿರಿ. ಸುಮ್ನೆ ಮಣ್ಣು ಸುರಿದು ಗಿಡ ಹಚ್ಚುತ್ತೇವೆ ಅನ್ನುವವರು ಒಂದು ಲೆಕ್ಕ ನೋಡಿ. ನೂರು ಚದರ ಅಡಿಗೆ ನಾಲ್ಕು ಇಂಚು ಮಣ್ಣು ಹಾಕಿದರೆ ಸುಮಾರು ಒಂದೂವರೆ ಟನ್ ಭಾರ. ಹಳೆ ಗೋಡೆ, ಹಳೆ ಸ್ಲ್ಯಾಬ್ ತಾಳುತ್ತದೋ ಇಲ್ಲವೋ ಎಂಜಿನಿಯರ್‌ಗೆ ತೋರಿಸದೆ ಮಾಡಬೇಡಿ.

ಗೋಡೆಯ ವಿಷಯ ಬೇಗ ಮುಗಿಸುತ್ತೇನೆ. ಎರಡಡಿ ಕಲ್ಲಿನ ಗೋಡೆಗೆ ಒಳಗಡೆಯಿಂದ ಏನೂ ಅಂಟಿಸಬೇಡಿ. ಅಂಟಿಸಿದರೆ ಆ ಕಲ್ಲಿನ ತಂಪು ನಿಮಗೆ ಸಿಗುವುದಿಲ್ಲ. ಸಿಮೆಂಟು ಬಳಿದು ಉಪ್ಪು ಬಿಡುತ್ತಿದ್ದರೆ ಕೆತ್ತಿಸಿ ಸುಣ್ಣದ ಗಾರೆ ಮಾಡಿಸಿ. ಅದನ್ನು ಬಲ್ಲ ಗೌಂಡಿ ಸಿಗೋದೇ ಕಷ್ಟ, ಅದು ಬೇರೆ ಮಾತು. ಪಡುವಣ ಗೋಡೆಗೆ ನೆರಳು ಮಾಡಿ. ರಾತ್ರಿ ಕಿಟಕಿ ತೆರೆಯಿರಿ, ಹಗಲು ಹತ್ತಕ್ಕೆಲ್ಲ ಮುಚ್ಚಿ. ಕಳ್ಳರ, ಸೊಳ್ಳೆಯ ಭಯ ಇದ್ದರೆ ಸರಳು, ಜಾಳಿಗೆ ಎ.ಸಿ.ಯ ಅರ್ಧ ಖರ್ಚೂ ಆಗುವುದಿಲ್ಲ. ಕೂಲರ್ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ್ದು, ಮಂಗಳೂರಿನಲ್ಲಿ ಅದು ಬರೀ ನೀರು ತುಂಬಿದ ಫ್ಯಾನು. ಆದರೆ ಕೂಲರ್ ಹಚ್ಚಿ ಎಲ್ಲ ಬಾಗಿಲು ಮುಚ್ಚಿ ಕೂರುತ್ತಾರಲ್ಲ, ಅರ್ಧ ಗಂಟೆಯಲ್ಲಿ ಕೋಣೆಯೊಳಗೆ ಮಂಗಳೂರೇ ಬಂದಿರುತ್ತದೆ. ಎದುರಿನ ಕಿಟಕಿ ತೆರೆದಿಡಬೇಕು.

ಇನ್ನೊಂದು ಮಾತು ಸರ್ಕಾರಕ್ಕೆ. ಪ್ರತಿ ಬೇಸಿಗೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಬದಲಾಗುತ್ತದೆ. ಒಳ್ಳೆಯದೇ. ಆದರೆ ಒಂದೂವರೆಗೆ ಕಚೇರಿ ಬಿಟ್ಟವರು ಹೋಗೋದು ಎಲ್ಲಿಗೆ? ಕಾದ ಸ್ಲ್ಯಾಬಿನ ಕೆಳಗೇ. ಮನೆಗಳ ಶಾಖದ ಬಗ್ಗೆ ಕೇಂದ್ರದ್ದು ಒಂದು ಸಂಹಿತೆ ಇದೆ, 2018ರ ಇಕೋ ನಿವಾಸ ಸಂಹಿತೆ. ಚಾವಣಿ ಎಷ್ಟು ಶಾಖ ಒಳಗೆ ಬಿಡಬಹುದು ಅನ್ನೋದಕ್ಕೂ ಅದರಲ್ಲಿ ಮಿತಿ ಇದೆ. ಆದರೆ 2018ರಲ್ಲಿ ಅದನ್ನು ತಂದದ್ದು 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ ಕಟ್ಟುವ ಹೊಸ ಮನೆಗಳಿಗೆ. ನಮ್ಮ ಮೂವತ್ತು–ನಲವತ್ತರ ಸೈಟು 111 ಚದರ ಮೀಟರ್, ಮನೆಯೂ ಹಳೆಯದು. ಅಲ್ಲಿಗೆ ನಾವು ಯಾವ ಪುಸ್ತಕದಲ್ಲೂ ಇಲ್ಲ. ಪಕ್ಕದ ತೆಲಂಗಾಣ 2023ರಲ್ಲೇ ಕೂಲ್ ರೂಫ್ (ತಂಪು ಚಾವಣಿ) ನೀತಿ ತಂದಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡಿನಲ್ಲಿ ಮೊದಲು ಸರ್ಕಾರಿ ಶಾಲೆ, ಅಂಗನವಾಡಿ, ಆಸ್ಪತ್ರೆಗಳ ತಾರಸಿಗೆ ಬಿಳಿ ಬಳಿಸಲಿ. ಆಮೇಲೆ ಬಡವರ ಪತ್ರಾ ಮನೆಗಳಿಗೆ. ಫೆಬ್ರವರಿಯಲ್ಲೇ ಬಳಿಸಲಿ, ಟೆಂಡರ್ ಆಗಿ ಬಿಲ್ ಪಾಸಾಗಿ ಜೂನ್‌ನಲ್ಲಿ ಬಳಿದರೆ ಮಳೆಗೆ ತೊಳೆದು ಹೋಗುತ್ತದೆ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಮುಂದಿನ ಸಲ ಇಂಥ ಲೇಖನ ಹಾಕುವಾಗ ಇದು ಯಾವ ಹವೆಗೆ ಅಂತ ತಲೆಬರಹದಲ್ಲೇ ಬರೆಯಿರಿ. ನಮ್ಮ ಮೂರು ಜಿಲ್ಲೆಗಳಿಗೆ ಬೇರೆಯೇ ಲೇಖನ ಬರೆಸಿ. ಆ ಕರಾವಳಿ ಲೇಖನ ಬರೆದವರನ್ನೇ ಏಪ್ರಿಲ್‌ನಲ್ಲಿ ಇಲ್ಲಿಗೆ ಕಳಿಸಿದರೂ ಸರಿ. ಮಧ್ಯಾಹ್ನ ಮೂರಕ್ಕೆ ಒಂದು ಬರೀ ತಾರಸಿ, ಒಂದು ಬಿಳಿ ತಾರಸಿ ಎರಡರ ಮೇಲೂ ನಿಲ್ಲಿಸಿ ತೋರಿಸುವ ಜವಾಬ್ದಾರಿ ನನ್ನದು. ಚಪ್ಪಲಿ ಮಾತ್ರ ಹಾಕಿಕೊಂಡೇ ಬರಲಿ.

ಇಂತಿ,
ನಿಮ್ಮ ಓದುಗ
ಬ್ರಹ್ಮಪುರ, ಕಲಬುರಗಿ